ಮಾದರಿ ವಿಮಾನದ ಜಿಪಿಎಸ್ ಲಾಗರ್ ಮತ್ತು ಕೈಪರದೆ

ರಿಮೋಟ್‌ನಿಂದ ಹಾರಿಸುವ ಮಾದರಿ ವಿಮಾನದೊಳಗೆ ಕೂತು, ಅದು ಯಾವ ಹೊತ್ತಿಗೆ ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು, ಎಷ್ಟು ವೇಗದಲ್ಲಿ ಸಾಗುತ್ತಿತ್ತು ಎಂಬುದನ್ನು ಉಪಗ್ರಹ ಸಂಕೇತಗಳ ನೆರವಿನಿಂದ ಬರೆದಿಡುವ ಪುಟ್ಟ ಉಪಕರಣವೇ ಜಿಪಿಎಸ್ ಲಾಗರ್. ಆ ದಾಖಲೆಯನ್ನು ಕಂಪ್ಯೂಟರಿನ ಹಂಗಿಲ್ಲದೆ ಹಾರಾಟದ ಬಯಲಿನಲ್ಲೇ ಓದಲು, ಲಾಗರಿನ ಸೆಟ್ಟಿಂಗ್ ಬದಲಿಸಲು ಬಳಸುವ ಅಂಗೈ ಗಾತ್ರದ ಡಿಸ್‌ಪ್ಲೇಯನ್ನು ಇಲ್ಲಿ ಕೈಪರದೆ ಎಂದು ಕರೆದಿದೆ. ಎರಡೂ ಸೇರಿ ಮಾಡುವ ಕೆಲಸ ಕೇಳಲು ಸರಳ. ಆದರೆ ಪರದೆಯ ಮೇಲೆ ಮೂಡುವ ಪ್ರತಿ ಅಂಕಿಯ ಹಿಂದೆಯೂ ಒಂದು ಆಧಾರವಿರುತ್ತದೆ: ಎತ್ತರವೆಂದರೆ ಯಾವುದರಿಂದ ಎತ್ತರ, ವೇಗವೆಂದರೆ ಯಾವುದಕ್ಕೆ ಹೋಲಿಸಿದ ವೇಗ. ಆ ಆಧಾರ ತಿಳಿಯದೆ ಓದಿದ ಅಂಕಿ ಹಾರಿಸುವವರನ್ನು ದಾರಿ ತಪ್ಪಿಸುತ್ತದೆ.

ಈ ಲೇಖನ ಉದಾಹರಣೆಗಳಿಗೆ ನೆಲೆಯಾಗಿ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಕ್ಕೇರಾ ಪಟ್ಟಣದ ಸುತ್ತಲ ಬಯಲನ್ನು ತೆಗೆದುಕೊಂಡಿದೆ. ಕೃಷ್ಣೆಯ ಎಡದಂಡೆಯ ಈ ನೆಲ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲಿದೆ. ಒಂದು ಕಡೆ ಎರೆಭೂಮಿ, ಇನ್ನೊಂದು ಕಡೆ ಬಂಡೆಗಲ್ಲಿನ ಗುಡ್ಡ, ನಾರಾಯಣಪುರ ಎಡದಂಡೆ ಕಾಲುವೆಯ ನೀರು ತಲುಪಿದಲ್ಲೆಲ್ಲ ಭತ್ತದ ಗದ್ದೆ, ಉಳಿದಂತೆ ಹತ್ತಿ ಮತ್ತು ತೊಗರಿ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಉಪಕರಣದ ಕೈಪಿಡಿಗಳು ಬಹುಪಾಲು ತಂಪು ನಾಡುಗಳ ಹುಲ್ಲುಗಾವಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಈ ಬಿಸಿಲು, ಈ ಬೆಳೆ, ಈ ಗಾಳಿಯಲ್ಲಿ ಅದೇ ಉಪಕರಣ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇಲ್ಲಿಯವರೇ ಲೆಕ್ಕ ಹಾಕಿಕೊಳ್ಳಬೇಕು.

ಅಂಗಾಂಗಗಳು

ಲಾಗರಿನ ಮುಖ್ಯ ಭಾಗಗಳು ಕೆಲವೇ: ಚಪ್ಪಟೆಯಾದ ಸೆರಾಮಿಕ್ ಆಂಟೆನಾ, ಉಪಗ್ರಹ ಸಂಕೇತ ಬಿಡಿಸುವ ಚಿಪ್, ಲೆಕ್ಕ ನೋಡಿಕೊಳ್ಳುವ ಮೈಕ್ರೋಕಂಟ್ರೋಲರ್, ಬರೆದಿಡಲು ಮೈಕ್ರೋ ಎಸ್‌ಡಿ ಕಾರ್ಡ್. ಒಳ್ಳೆಯ ಲಾಗರ್‌ಗಳಲ್ಲಿ ಇದರ ಜೊತೆಗೆ ವಾಯುಭಾರ ಮಾಪಕವೂ ಇರುತ್ತದೆ. ವಿದ್ಯುತ್ತು ಸಾಮಾನ್ಯವಾಗಿ ವಿಮಾನದ ರಿಸೀವರಿನಿಂದಲೇ ಬರುತ್ತದೆ. ಒಟ್ಟು ತೂಕ ಹತ್ತಿಪ್ಪತ್ತು ಗ್ರಾಂ ಮಾತ್ರ. ಗ್ಲೈಡರಿನ ಸಪೂರ ಮೂತಿಯಲ್ಲಿ ಕೂಡಿಸಿದಾಗಲೂ ಗುರುತ್ವ ಕೇಂದ್ರ ಹೆಚ್ಚು ಕದಲದು.

ಕೈಪರದೆಗಳಲ್ಲಿ ಮೂರು ಬಗೆ. ಮೊದಲನೆಯದು ತಂತಿಯಿಂದ ಲಾಗರಿಗೆ ಸಿಕ್ಕಿಸುವಂಥದ್ದು: ವಿಮಾನ ಇಳಿದ ಮೇಲೆ ಗರಿಷ್ಠ ಎತ್ತರ, ಗರಿಷ್ಠ ವೇಗ, ಕ್ರಮಿಸಿದ ದೂರ ತೋರಿಸುತ್ತದೆ, ಸೆಟ್ಟಿಂಗ್ ಬದಲಿಸಲು ಒಂದೆರಡು ಗುಂಡಿಗಳಿರುತ್ತವೆ. ಜರ್ಮನಿಯ ಎಸ್‌ಎಂ ಮೊಡೆಲ್‌ಬಾವ್ ಕಂಪನಿಯ ಜಿಪಿಎಸ್ ಲಾಗರ್ ಮತ್ತು ಅದರ ಯೂನಿಡಿಸ್‌ಪ್ಲೇ ಈ ಬಗೆಯ ಹೆಸರಾಂತ ಜೋಡಿ. ಎರಡನೆಯದು ಹಾರಾಟ ನಡೆಯುತ್ತಿರುವಾಗಲೇ ರೇಡಿಯೊ ಮೂಲಕ ಅಂಕಿಗಳನ್ನು ಪಡೆಯುವಂಥದ್ದು. ಅಮೆರಿಕದ ಈಗಲ್ ಟ್ರೀ ಸಿಸ್ಟಮ್ಸ್ ಕಂಪನಿಯ ಸೀಗಲ್ ಎಂಬ ಉಪಕರಣ ಇದನ್ನು ಹವ್ಯಾಸಿಗಳ ಕೈಗೆ ತಲುಪಿಸಿತು. ಮೂರನೆಯದರಲ್ಲಿ ಪ್ರತ್ಯೇಕ ಪೆಟ್ಟಿಗೆಯೇ ಇಲ್ಲ. ಜೆಟಿ, ಗ್ರಾಪ್ನರ್, ಮಲ್ಟಿಪ್ಲೆಕ್ಸ್, ಫುಟಾಬಾ ಮುಂತಾದವರ ಟ್ರಾನ್ಸ್‌ಮಿಟರ್‌ಗಳು ಲಾಗರಿನ ಅಂಕಿಗಳನ್ನು ಪಡೆದು ತಮ್ಮ ಪರದೆಯಲ್ಲೇ ತೋರಿಸುತ್ತವೆ, ಕೆಲವು ದನಿಯಲ್ಲಿ ಓದಿಯೂ ಹೇಳುತ್ತವೆ.

ಇವುಗಳಲ್ಲಿ ಮೊದಲ ಬಗೆಯನ್ನು ಹಳೆಯದೆಂದು ಬದಿಗಿಡಲಾಗದು. ವಿಮಾನ ಹಾರುತ್ತಿರುವಾಗ ಹಾರಿಸುವವರ ಕಣ್ಣು ವಿಮಾನದ ಮೇಲೇ ಇರಬೇಕು. ಪರದೆ ನೋಡಲು ಎರಡು ಕ್ಷಣ ತಲೆ ಬಗ್ಗಿಸಿದರೆ ಆಗಸದ ಚುಕ್ಕೆ ಯಾವ ಕಡೆ ಮುಖ ಮಾಡಿದೆ ಎಂಬುದೇ ಮರೆಯಾಗುತ್ತದೆ. ನೇರ ಪ್ರಸಾರದ ಅಂಕಿ ಬೇಕಿದ್ದರೆ ಪಕ್ಕದಲ್ಲೊಬ್ಬರು ನಿಂತು ಓದಿ ಹೇಳಬೇಕು, ಇಲ್ಲವೆ ಟ್ರಾನ್ಸ್‌ಮಿಟರಿನ ದನಿಯನ್ನು ನೆಚ್ಚಬೇಕು. ಒಬ್ಬರೇ ಹಾರಿಸುವಾಗ ಇಳಿದ ಮೇಲೆ ಓದುವ ಪರದೆಯೇ ಸುರಕ್ಷಿತ.

ಬೆಳೆದು ಬಂದ ಬಗೆ

2000ದ ಮೇ ತಿಂಗಳ ಮೊದಲು ಇಂಥ ಉಪಕರಣಕ್ಕೆ ಅರ್ಥವೇ ಇರಲಿಲ್ಲ. ಅಮೆರಿಕದ ಸೇನೆ ನಾಗರಿಕ ಬಳಕೆಯ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ಸ್ಥಾನ ನೂರು ಮೀಟರ್‌ವರೆಗೆ ಅತ್ತಿತ್ತ ಸರಿಯುತ್ತಿದ್ದಾಗ, ಮುನ್ನೂರು ಮೀಟರ್ ಅಗಲದ ಬಯಲಿನಲ್ಲಿ ಸುತ್ತುವ ವಿಮಾನದ ಜಾಡು ಗೀಚಿದ ಗೆರೆಯಾಗುತ್ತಿತ್ತು ಅಷ್ಟೆ. 2000ದ ಮೇ 2ರಂದು ಆ ದೋಷ ತೆಗೆದರು. ಅಲ್ಲಿಂದ ಮುಂದೆ ಅಗ್ಗದ ರಿಸೀವರ್‌ಗಳೂ ಕೆಲವೇ ಮೀಟರ್‌ಗಳ ನಿಖರತೆ ಕೊಡತೊಡಗಿದವು.

ಮೂರೇ ವರ್ಷದಲ್ಲಿ ಇದರ ಶಕ್ತಿ ಜಗತ್ತಿಗೆ ತಿಳಿಯಿತು. ಅಮೆರಿಕದ ಮೇನಾರ್ಡ್ ಹಿಲ್ ತಂಡದ ಟಿಎಎಂ 5 ಎಂಬ ಮಾದರಿ ವಿಮಾನ 2003ರ ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹಾರಿ, ಅಟ್ಲಾಂಟಿಕ್ ಸಾಗರ ದಾಟಿ, 38 ಗಂಟೆ 52 ನಿಮಿಷಗಳ ನಂತರ ಐರ್ಲೆಂಡಿನ ಕ್ಲಿಫ್‌ಡನ್ ಬಳಿ ಇಳಿಯಿತು. ಸುಮಾರು 3,000 ಕಿಲೋಮೀಟರ್ ಹಾದಿ. ಇಂಧನವೂ ಸೇರಿ ತೂಕ 5 ಕಿಲೋ ಮಾತ್ರ. ನಡುಗಡಲಿನಲ್ಲಿ ಅದಕ್ಕೆ ದಾರಿ ಹೇಳಿದ್ದು ಜಿಪಿಎಸ್ ಆಧಾರಿತ ಆಟೋಪೈಲಟ್. ಮರದ ಚೌಕಟ್ಟಿನ ಆ ವಿಮಾನವನ್ನು ಕಟ್ಟಿದಾಗ ಹಿಲ್ ಅವರಿಗೆ ಎಪ್ಪತ್ತು ದಾಟಿತ್ತು, ಕಣ್ಣಿನ ದೃಷ್ಟಿ ಬಹಳ ಮಂದವಾಗಿತ್ತು. ಮಾದರಿ ವಿಮಾನ ಹವ್ಯಾಸದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಧನೆಯನ್ನು ಹೆಸರಿಸುವುದು ಕಷ್ಟ.

ಕರ್ನಾಟಕದಲ್ಲಿ ಈ ತಂತ್ರ ವೃತ್ತಿಪರ ರೂಪದಲ್ಲಿ ಬೆಳೆದದ್ದು ಬೆಂಗಳೂರಿನಲ್ಲಿ. ರಕ್ಷಣಾ ಸಂಶೋಧನಾ ಸಂಸ್ಥೆಯ ಅಂಗವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಅಂದರೆ ಎಡಿಇ, ಲಕ್ಷ್ಯ ಮತ್ತು ನಿಶಾಂತ್ ಎಂಬ ಪೈಲಟ್ ರಹಿತ ವಿಮಾನಗಳನ್ನು ರೂಪಿಸಿತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಕೈಯಿಂದ ಎಸೆದು ಹಾರಿಸುವಷ್ಟು ಚಿಕ್ಕ ವಿಮಾನಗಳ ಮೇಲೆ ಕೆಲಸ ಮಾಡಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ನೆಲೆಯಿಂದ 2016ರ ನವೆಂಬರಿನಲ್ಲಿ ತಪಸ್ ಎಂಬ ಪೈಲಟ್ ರಹಿತ ವಿಮಾನ ಮೊದಲ ಸಲ ಹಾರಿತು. ಅದೇ ನೆಲೆಯಲ್ಲಿ 2022ರ ಜುಲೈ 1ರಂದು ಬಾಲವಿಲ್ಲದ ರೆಕ್ಕೆಯಾಕಾರದ ಸ್ವಯಂಚಾಲಿತ ವಿಮಾನವೊಂದು ತಾನಾಗಿಯೇ ಏರಿ, ಹಾರಿ, ಇಳಿಯಿತು. ಇವೆಲ್ಲದರ ನೆಲಕೇಂದ್ರದ ಪರದೆಗಳು ಮಾಡುವ ಕೆಲಸವೂ ಹವ್ಯಾಸಿಯ ಕೈಪರದೆಯ ಕೆಲಸವೂ ತತ್ವದಲ್ಲಿ ಒಂದೇ. ಹವ್ಯಾಸದ ಕಡೆ ಎನ್‌ಸಿಸಿ ವಾಯುದಳದ ಮಾದರಿ ವಿಮಾನ ತರಬೇತಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿನ್ಯಾಸ ಸ್ಪರ್ಧೆಗಳು ಹೊಸಬರನ್ನು ಸೆಳೆದಿವೆ.

ಸ್ಥಾನ ತಿಳಿಯುವುದು ಹೇಗೆ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿ ಉಪಗ್ರಹವೂ ತಾನಿರುವ ಜಾಗ ಮತ್ತು ಗಳಿಗೆಯನ್ನು ಸಾರುತ್ತಿರುತ್ತದೆ. ಸಂಕೇತ ಬೆಳಕಿನ ವೇಗದಲ್ಲಿ ಬಂದು ಸೇರಲು ಹಿಡಿದ ಹೊತ್ತಿನಿಂದ ದೂರ ಸಿಗುತ್ತದೆ. ಮೂರು ಆಯಾಮ ಮತ್ತು ರಿಸೀವರಿನ ಗಡಿಯಾರದ ತಪ್ಪು, ಈ ನಾಲ್ಕು ಅಜ್ಞಾತಗಳಿಗೆ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಇಂದಿನ ಚಿಪ್‌ಗಳು ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ ಉಪಗ್ರಹಗಳನ್ನೂ ಬಳಸುವುದರಿಂದ ಬಯಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಉಪಗ್ರಹ ಸಿಗುವುದು ಸಾಮಾನ್ಯ.

ಉಪಗ್ರಹದ ಸಂದೇಶ ಸೆಕೆಂಡಿಗೆ 50 ಬಿಟ್‌ಗಳ ಆಮೆವೇಗದಲ್ಲಿ ಬರುತ್ತದೆ. ಒಂದು ಉಪಗ್ರಹದ ಕಕ್ಷೆಯ ವಿವರ ಪೂರ್ತಿ ಸಿಗಲು 30 ಸೆಕೆಂಡ್ ಬೇಕು. ಹಲವು ದಿನ ಸುಮ್ಮನಿದ್ದ ಲಾಗರನ್ನು ಚಾಲೂ ಮಾಡಿದ ತಕ್ಷಣ ವಿಮಾನ ಹಾರಿಸಬಾರದು ಎನ್ನುವುದು ಇದೇ ಕಾರಣಕ್ಕೆ. ತಿರುಗುತ್ತ ಮಗುಚುತ್ತ ಹಾರುವ ವಿಮಾನದಲ್ಲಿ ಆ 30 ಸೆಕೆಂಡಿನ ಸಂದೇಶ ಮತ್ತೆ ಮತ್ತೆ ತುಂಡಾಗುತ್ತದೆ. ನೆಲದ ಮೇಲೆ, ಆಂಟೆನಾ ಆಕಾಶಕ್ಕೆ ಮುಖ ಮಾಡಿರುವಾಗ, ಎರಡು ನಿಮಿಷ ಕಾಯುವುದು ಒಳ್ಳೆಯದು.

ದಕ್ಷಿಣ ಭಾರತದ ಮೇಲಿನ ಅಯಾನುಗೋಳ ಈ ವಿಷಯದಲ್ಲಿ ತಂಟೆಕೋರ. ಭೂಕಾಂತ ಸಮಭಾಜಕ ನಮ್ಮ ದ್ವೀಪಕಲ್ಪದ ದಕ್ಷಿಣ ತುದಿಯ ಹತ್ತಿರ ಹಾಯುವುದರಿಂದ, ನಡುಮಧ್ಯಾಹ್ನದ ನಂತರ ವಿದ್ಯುದಾವಿಷ್ಟ ಕಣಗಳ ದಟ್ಟಣೆ ಏರಿ ಸಂಕೇತ ತಡವಾಗುತ್ತದೆ. ಒಂದೇ ತರಂಗಾಂತರ ಬಳಸುವ ಅಗ್ಗದ ಚಿಪ್‌ಗಳು ಸಾಮಾನ್ಯ ಸೂತ್ರವೊಂದರಿಂದ ಇದರ ಅರ್ಧದಷ್ಟನ್ನು ಮಾತ್ರ ಸರಿಪಡಿಸಬಲ್ಲವು. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆ ಈ ದೋಷದ ತಿದ್ದುಪಡಿಯನ್ನು ಭೂಸ್ಥಿರ ಉಪಗ್ರಹಗಳ ಮೂಲಕ ಉಚಿತವಾಗಿ ಕಳಿಸುತ್ತದೆ. ಅದರ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಲಾಗರಿನ ಮೆನುವಿನಲ್ಲಿ ಉಪಗ್ರಹ ಆಧಾರಿತ ತಿದ್ದುಪಡಿಯ ಆಯ್ಕೆ ಇದ್ದರೆ ಕೈಪರದೆಯಿಂದ ಅದನ್ನು ಚಾಲೂ ಮಾಡಿಡುವುದು ಲಾಭ. ಭಾರತದ್ದೇ ಆದ ನಾವಿಕ್ ಸಂಕೇತ ಬಹುಕಾಲ ಹವ್ಯಾಸಿ ಚಿಪ್‌ಗಳಿಗೆ ಎಟುಕದ ತರಂಗಾಂತರಗಳಲ್ಲಿತ್ತು. 2023ರ ಮೇ 29ರಂದು ಉಡಾಯಿಸಿದ ಎನ್‌ವಿಎಸ್ 01 ಉಪಗ್ರಹದಿಂದ ಮೊದಲ್ಗೊಂಡು ಜಿಪಿಎಸ್‌ನ ಎಲ್ 1 ತರಂಗಾಂತರದಲ್ಲೂ ಅದು ಪ್ರಸಾರವಾಗುತ್ತಿದೆ.

ಎತ್ತರ ಎಂಬ ಅಂಕಿ

ಪರದೆಯ ಮೇಲಿನ ಅಂಕಿಗಳಲ್ಲಿ ಜನ ಮೊದಲು ನೋಡುವುದು ಎತ್ತರವನ್ನು. ಅತಿ ಹೆಚ್ಚು ತಪ್ಪು ಓದುವುದೂ ಅದನ್ನೇ.

ಉಪಗ್ರಹಗಳಿಂದ ನೇರವಾಗಿ ಸಿಗುವುದು ಭೂಮಿಯನ್ನು ಹೋಲುವ ಒಂದು ಗಣಿತದ ದೀರ್ಘಗೋಳದಿಂದ ಅಳೆದ ಎತ್ತರ. ಸಮುದ್ರಮಟ್ಟ ಆ ದೀರ್ಘಗೋಳಕ್ಕೆ ಹೊಂದಿಕೊಂಡು ಇರುವುದಿಲ್ಲ. ಜಗತ್ತಿನಲ್ಲೇ ಗುರುತ್ವ ಮಟ್ಟ ಅತಿ ಆಳಕ್ಕೆ ಕುಸಿದಿರುವ ಜಾಗ ಶ್ರೀಲಂಕಾದ ದಕ್ಷಿಣದ ಹಿಂದೂ ಮಹಾಸಾಗರದಲ್ಲಿದ್ದು, ಅಲ್ಲಿ ವ್ಯತ್ಯಾಸ ನೂರು ಮೀಟರ್ ದಾಟುತ್ತದೆ. ಆ ತಗ್ಗಿನ ಇಳಿಜಾರು ಕರ್ನಾಟಕದವರೆಗೂ ಹಬ್ಬಿದೆ. ಕೃಷ್ಣಾ ತೀರದಲ್ಲಿ ಈ ವ್ಯತ್ಯಾಸ ಎಪ್ಪತ್ತು ಮೀಟರಿಗೂ ಹೆಚ್ಚು. ನಾರಾಯಣಪುರದ ಬಸವಸಾಗರ ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 492.25 ಮೀಟರ್. ದೀರ್ಘಗೋಳದಿಂದ ಅಳೆದರೆ ಅದೇ ನೀರಿನ ಮಟ್ಟ 420 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಎರಡೂ ಸರಿ, ಆಧಾರ ಬೇರೆ. ಹಲವು ಚಿಪ್‌ಗಳು ಒಳಗಿನ ಒರಟು ಪಟ್ಟಿಯೊಂದರಿಂದ ಇದನ್ನು ಸಮುದ್ರಮಟ್ಟಕ್ಕೆ ಬದಲಿಸಿ ಕೊಡುತ್ತವೆ, ಕೆಲವು ಲಾಗರ್‌ಗಳು ಬದಲಿಸದೆಯೇ ಬರೆಯುತ್ತವೆ. ಹಾರಿಸುವವರಿಗೆ ನಿಜಕ್ಕೂ ಬೇಕಾದದ್ದು ಈ ಎರಡೂ ಅಲ್ಲ, ತಾವು ನಿಂತ ನೆಲದಿಂದ ಎಷ್ಟು ಎತ್ತರ ಎಂಬುದು. ಆದ್ದರಿಂದ ಹಾರಿಸುವ ಮೊದಲು ನೆಲದ ಮೇಲೆಯೇ ಎತ್ತರವನ್ನು ಸೊನ್ನೆ ಮಾಡುವ ಸೌಲಭ್ಯ ಲಾಗರಿನಲ್ಲಿ ಇರಲೇಬೇಕು. ಉಪಗ್ರಹ ಸರಿಯಾಗಿ ಸಿಗುವ ಮೊದಲೇ ಸೊನ್ನೆ ಮಾಡಿದರೆ ಇಡೀ ದಾಖಲೆ ಹತ್ತಾರು ಮೀಟರ್ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಉಪಗ್ರಹಗಳೆಲ್ಲ ತಲೆಯ ಮೇಲೆಯೇ ಇದ್ದು ಕಾಲಕೆಳಗೆ ಒಂದೂ ಇಲ್ಲದಿರುವುದರಿಂದ, ಜಿಪಿಎಸ್ ಎತ್ತರದ ದೋಷ ಅಡ್ಡಗಲದ ದೋಷಕ್ಕಿಂತ ಒಂದೂವರೆ ಎರಡು ಪಟ್ಟು ಇರುತ್ತದೆ.

ವಾಯುಭಾರ ಮಾಪಕ ಅರ್ಧ ಮೀಟರಿನ ಏರಿಳಿತವನ್ನೂ ಗುರುತಿಸಬಲ್ಲದು. ಗ್ಲೈಡರ್ ಪ್ರಿಯರು ಅದನ್ನೇ ನೆಚ್ಚುತ್ತಾರೆ. ಅಂತಾರಾಷ್ಟ್ರೀಯ ವೈಮಾನಿಕ ಒಕ್ಕೂಟದ ಎಫ್5ಜೆ ಸ್ಪರ್ಧೆಯಲ್ಲಿ ಹಾರಿಸಿದ ಗಳಿಗೆಯಿಂದ ಮೋಟಾರು ನಿಂತ ಹತ್ತು ಸೆಕೆಂಡಿನವರೆಗಿನ ಗರಿಷ್ಠ ಎತ್ತರವನ್ನು ವಾಯುಭಾರದ ಲಾಗರಿನಿಂದಲೇ ಅಳೆಯುತ್ತಾರೆ. 200 ಮೀಟರ್‌ವರೆಗೆ ಪ್ರತಿ ಮೀಟರಿಗೆ ಅರ್ಧ ಅಂಕ, ಅದರ ಮೇಲೆ ಪ್ರತಿ ಮೀಟರಿಗೆ ಮೂರು ಅಂಕ ಕಳೆಯುತ್ತಾರೆ. ಇಳಿದ ಕೂಡಲೇ ಪರದೆಯ ಮೇಲಿನ ಅಂಕಿಯನ್ನು ತೀರ್ಪುಗಾರರು ಬರೆದುಕೊಳ್ಳುತ್ತಾರೆ.

ಆದರೆ ವಾಯುಭಾರವನ್ನು ಎತ್ತರವನ್ನಾಗಿ ಬದಲಿಸುವ ಸೂತ್ರ ಒಂದು ಆದರ್ಶ ವಾತಾವರಣವನ್ನು ನಂಬಿದೆ. 400 ಮೀಟರ್ ಎತ್ತರದ ನೆಲದಲ್ಲಿ ಉಷ್ಣಾಂಶ ಸುಮಾರು 12 ಡಿಗ್ರಿ ಎಂದು ಅದು ಭಾವಿಸುತ್ತದೆ. ಕಕ್ಕೇರಾದ ಬೇಸಿಗೆಯಲ್ಲಿ 40 ಡಿಗ್ರಿ ಇರುತ್ತದೆ. ಬಿಸಿಗಾಳಿ ಹಿಗ್ಗಿ ತೆಳುವಾಗುವುದರಿಂದ ಅಷ್ಟೇ ಒತ್ತಡ ಕುಸಿಯಲು ಹೆಚ್ಚು ಎತ್ತರ ಏರಬೇಕಾಗುತ್ತದೆ. ಲೆಕ್ಕ ಹಾಕಿದರೆ ವ್ಯತ್ಯಾಸ ಶೇಕಡ 9ರಿಂದ 10. ಅಂದರೆ ಉಷ್ಣಾಂಶದ ತಿದ್ದುಪಡಿ ಇಲ್ಲದ ಪರದೆ 110 ಮೀಟರ್ ತೋರಿಸುವಾಗ ವಿಮಾನ ನಿಜವಾಗಿ 120 ಮೀಟರ್ ಮುಟ್ಟಿರುತ್ತದೆ. ಕಾನೂನಿನ ಮಿತಿಯೂ 120 ಮೀಟರೇ ಆಗಿರುವುದರಿಂದ ಇದು ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಎತ್ತರದ ಎಚ್ಚರಿಕೆ ಗಂಟೆಯನ್ನು 100 ಮೀಟರಿಗೆ ಇಡುವುದು ಜಾಣತನ.

ವೇಗ ಎಂಬ ಅಂಕಿ

ಜಿಪಿಎಸ್ ಹೇಳುವುದು ನೆಲಕ್ಕೆ ಹೋಲಿಸಿದ ವೇಗ. ವಿಮಾನವನ್ನು ಎತ್ತಿ ಹಿಡಿಯುವುದು ಗಾಳಿಗೆ ಹೋಲಿಸಿದ ವೇಗ. ಮುಂಗಾರಿನ ತಿಂಗಳುಗಳಲ್ಲಿ ಈ ಸೀಮೆಯ ಮೇಲೆ ಪಡುವಣ ಗಾಳಿ ಬಿಡದೆ ಬೀಸುತ್ತದೆ. ಆಗ ಮೂಡಲಿಗೆ ಹೋಗುವಾಗ ಪರದೆ ಗಂಟೆಗೆ 100 ಕಿಲೋಮೀಟರ್ ಎಂದೂ ಪಡುವಲಿಗೆ ಮರಳುವಾಗ 60 ಎಂದೂ ತೋರಿಸಿದರೆ, ವಿಮಾನದ ಗಾಳಿವೇಗ 80, ಗಾಳಿಯ ವೇಗ 20 ಎಂದು ಲೆಕ್ಕ. ಒಂದೇ ದಿಕ್ಕಿನ ಗರಿಷ್ಠ ಅಂಕಿಯನ್ನು ಹಿಡಿದು ವಿಮಾನದ ವೇಗ ಇಷ್ಟು ಎನ್ನುವುದು ತಪ್ಪು. ಗಾಳಿ ಬೆನ್ನಿಗಿರುವಾಗ ಪರದೆಯ ವೇಗ ನೋಡಿ ನಿಧಾನಿಸಲು ಹೊರಟರೆ ವಿಮಾನ ಎತ್ತುಬಲ ಕಳೆದುಕೊಂಡು ಬೀಳುತ್ತದೆ. ಗಾಳಿವೇಗವೇ ಬೇಕಿದ್ದರೆ ರೆಕ್ಕೆಗೆ ಪಿಟೋ ಕೊಳವೆ ಜೋಡಿಸಬೇಕು.

ಬೇಸಿಗೆ ಇಲ್ಲಿಯೂ ಕೈಹಾಕುತ್ತದೆ. 40 ಡಿಗ್ರಿಯ ಮಧ್ಯಾಹ್ನ ಇಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಆದರ್ಶ ಬೆಲೆಗಿಂತ ಶೇಕಡ 12ರಷ್ಟು ಕಡಿಮೆ. ಅದರಿಂದ ವಿಮಾನ ಎತ್ತುಬಲ ಕಳೆದುಕೊಳ್ಳುವ ವೇಗ ಶೇಕಡ 6ರಿಂದ 7ರಷ್ಟು ಏರುತ್ತದೆ, ಇಳಿಯುವ ವೇಗವೂ ಅಷ್ಟೇ ಏರುತ್ತದೆ. ಚಳಿಗಾಲದ ಬೆಳಗಿನ ದಾಖಲೆಯನ್ನೂ ಮೇ ತಿಂಗಳ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಲಾಗರಿನ ನಿಜವಾದ ಉಪಯೋಗ ಇಂಥ ಹೋಲಿಕೆಯಲ್ಲಿದೆ, ಒಂದು ದಿನದ ದಾಖಲೆಯಲ್ಲಲ್ಲ.

ಎಷ್ಟು ಸಲ ಬರೆಯುತ್ತದೆ ಎಂಬುದೂ ಮುಖ್ಯ. ಗಂಟೆಗೆ 100 ಕಿಲೋಮೀಟರ್ ವೇಗದ ವಿಮಾನ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಸೆಕೆಂಡಿಗೊಮ್ಮೆ ಬರೆದರೆ ಬಿಂದುಗಳ ನಡುವೆ ಅಷ್ಟೇ ದೂರ ಉಳಿದು ತಿರುವುಗಳು ಮೂಲೆಗಳಾಗಿ ಕಾಣುತ್ತವೆ. ಸೆಕೆಂಡಿಗೆ ಹತ್ತು ಸಲ ಬರೆದರೆ ಅಂತರ ಮೂರು ಮೀಟರಿಗಿಂತ ಕಡಿಮೆ. ಪ್ರತಿ ಸಲಕ್ಕೆ 150 ಅಕ್ಷರವೆಂದರೂ ಹದಿನೈದು ನಿಮಿಷದ ಹಾರಾಟಕ್ಕೆ ಒಂದೂವರೆ ಮೆಗಾಬೈಟ್ ಮೀರದು. ಇಂದಿನ ಕಾರ್ಡ್‌ಗಳಿಗೆ ಅದು ಲೆಕ್ಕಕ್ಕೇ ಇಲ್ಲ.

ಪರದೆ ತೋರಿಸುವ ಗರಿಷ್ಠ ಅಂಕಿಯನ್ನು ಸಂಶಯದಿಂದ ನೋಡಬೇಕು. ವಿಮಾನ ತಲೆಕೆಳಗಾದಾಗ ಆಂಟೆನಾ ನೆಲ ನೋಡುತ್ತದೆ, ಉಪಗ್ರಹಗಳು ಕೈತಪ್ಪುತ್ತವೆ, ಮತ್ತೆ ಸಿಕ್ಕ ಕ್ಷಣದಲ್ಲಿ ಸ್ಥಾನ ಒಮ್ಮೆಲೆ ಹಾರುತ್ತದೆ. ಆ ಒಂದು ಸುಳ್ಳು ಬಿಂದುವಿನಿಂದ ಗಂಟೆಗೆ 400 ಕಿಲೋಮೀಟರ್ ಎಂಬ ಗರಿಷ್ಠ ವೇಗ ದಾಖಲಾಗಬಹುದು. ಕಾರ್ಬನ್ ಫೈಬರಿನ ಒಡಲು ಸಂಕೇತವನ್ನು ತಡೆಯುತ್ತದೆ, ಕ್ಯಾಮೆರಾ ಮತ್ತು ವಿಡಿಯೊ ಟ್ರಾನ್ಸ್‌ಮಿಟರ್‌ಗಳ ಗದ್ದಲ ಅದನ್ನು ಮುಳುಗಿಸುತ್ತದೆ. ಸಂಶಯ ಬಂದರೆ ಆ ಕ್ಷಣದ ಉಪಗ್ರಹ ಸಂಖ್ಯೆ ಮತ್ತು ವಾಯುಭಾರದ ಎತ್ತರವನ್ನು ಕಾರ್ಡಿನ ಕಡತದಲ್ಲಿ ತೆಗೆದು ನೋಡಬೇಕು.

ಬೆಳೆಯೊಳಗೆ ಬಿದ್ದ ವಿಮಾನ

ಹವ್ಯಾಸಿಗೆ ಲಾಗರ್ ಅತಿ ಹೆಚ್ಚು ನೆರವಾಗುವುದು ವಿಮಾನ ಕಾಣೆಯಾದಾಗ. ನವೆಂಬರಿನ ತೊಗರಿ ಆಳೆತ್ತರ ಬೆಳೆದು ಒತ್ತಾಗಿ ನಿಂತಿರುತ್ತದೆ. ಐದು ಹೆಜ್ಜೆ ಆಚೆ ಬಿದ್ದ ಬಿಳಿ ರೆಕ್ಕೆಯೂ ಕಾಣುವುದಿಲ್ಲ. ಭತ್ತದ ಗದ್ದೆಯಲ್ಲಿ ಬಿದ್ದರೆ ನೀರು ಬ್ಯಾಟರಿಯನ್ನೂ ಸರ್ಕ್ಯೂಟನ್ನೂ ಕೆಡಿಸುವ ಮೊದಲೇ ಹುಡುಕಬೇಕು. ರೇಡಿಯೊ ಪರದೆ ಕೊನೆಯದಾಗಿ ಪಡೆದ ಅಕ್ಷಾಂಶ ರೇಖಾಂಶಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಆರಿಸದೆ, ಮೊದಲು ಆ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಕೊನೆಯ ಬಿಂದುವಿಗೆ ಹೋಗಿ, ಕೊನೆಯ ಹಲವು ಬಿಂದುಗಳು ಸೂಚಿಸುವ ದಿಕ್ಕಿನಲ್ಲಿ ಮುಂದೆ ನಡೆಯಬೇಕು. ಸಂಕೇತ ತಪ್ಪಿದ ಮೇಲೂ ವಿಮಾನ ಒಂದಿಷ್ಟು ದೂರ ಹಾರಿರುತ್ತದೆ. ಬೆಳೆಗೆ ಕಾಲಿಡುವ ಮುನ್ನ ಹೊಲದವರನ್ನು ಕೇಳುವುದು ಇಲ್ಲಿನ ಮರ್ಯಾದೆ. ಹುಡುಕುವ ಜಾಗ ಹತ್ತು ಮೀಟರಿನೊಳಗೆ ಗೊತ್ತಿದ್ದರೆ ಬೆಳೆಯೂ ಹಾಳಾಗದು.

ಇಲ್ಲಿ ಎರಡು ಬಲೆಗಳಿವೆ. ಮೊದಲನೆಯದು ಬರೆಯುವ ಕ್ರಮದ್ದು. ಈ ಸೀಮೆ 16 ಮತ್ತು 17 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇದೆ. ಉಪಕರಣಗಳು ಪರಸ್ಪರ ಮಾತಾಡುವ ಎನ್‌ಎಂಇಎ 0183 ಎಂಬ ಕ್ರಮದಲ್ಲಿ ಅಕ್ಷಾಂಶ 1624.0000 ಎಂದು ಬಂದರೆ ಅದು 16 ಡಿಗ್ರಿ 24 ನಿಮಿಷ, ಅಂದರೆ ದಶಮಾಂಶದಲ್ಲಿ 16.4000. ಅದನ್ನು 16.2400 ಎಂದು ಫೋನಿನ ನಕ್ಷೆಗೆ ತುಂಬಿದರೆ ಹದಿನೇಳು ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಹೋಗುತ್ತೇವೆ. ಕೃಷ್ಣೆಯ ದಡದ ಊರುಗಳಲ್ಲಿ ಅಷ್ಟು ತಪ್ಪಿದರೆ ಹೊಳೆಯಾಚೆಯ ರಾಯಚೂರು ಜಿಲ್ಲೆ ಮುಟ್ಟಿದರೂ ಮುಟ್ಟಬಹುದು. ಎರಡನೆಯದು ನಕ್ಷೆಯ ಆಧಾರದ್ದು. ಭಾರತದ ಹಳೆಯ ಸರ್ವೆ ನಕ್ಷೆಗಳು 1830ರ ಎವರೆಸ್ಟ್ ದೀರ್ಘಗೋಳವನ್ನು ಆಧರಿಸಿವೆ, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬುದನ್ನು. ಒಂದರ ಅಂಕಿಯನ್ನು ಇನ್ನೊಂದರ ಮೇಲೆ ಗುರುತಿಸಿದರೆ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ಕೈಪರದೆಯ ಮೆನುವಿನಲ್ಲಿ ಡಬ್ಲ್ಯುಜಿಎಸ್ 84 ಇದೆಯೇ ಎಂದು ಒಮ್ಮೆ ನೋಡಿಟ್ಟರೆ ಸಾಕು.

ಅಂಕಿಗಳ ಅಳತೆ ಕಣ್ಣಿಗೆ ಕಟ್ಟುವಂತೆ ಹೇಳುವುದಾದರೆ, ಇಲ್ಲಿ ಅಕ್ಷಾಂಶದ ಒಂದು ಸೆಕೆಂಡ್ ಸುಮಾರು 31 ಮೀಟರ್, ರೇಖಾಂಶದ ಒಂದು ಸೆಕೆಂಡ್ 30 ಮೀಟರಿಗೆ ತುಸು ಕಡಿಮೆ. ದಶಮಾಂಶದಲ್ಲಿ ಬರೆದಾಗ ಐದನೆಯ ಸ್ಥಾನದ ಒಂದು ಅಂಕಿ ಒಂದು ಮೀಟರಿನ ಆಸುಪಾಸು. ನಾಲ್ಕೇ ಸ್ಥಾನ ಬರೆದುಕೊಂಡು ತೊಗರಿಯೊಳಗೆ ಹೋಗುವವರು ಹತ್ತು ಮೀಟರಿನ ಹುಡುಕಾಟಕ್ಕೆ ಸಿದ್ಧರಾಗಿರಬೇಕು.

ದಿನಾಂಕ ಮತ್ತು ಗಂಟೆಯ ವಿಷಯವನ್ನೂ ಹೇಳಬೇಕು. ಲಾಗರ್ ಬರೆಯುವುದು ಜಾಗತಿಕ ಕಾಲವನ್ನು. ಬೆಳಿಗ್ಗೆ ಏಳರ ಹಾರಾಟ ಕಡತದಲ್ಲಿ ಒಂದೂವರೆ ಗಂಟೆ ಎಂದು ಕಾಣುತ್ತದೆ. ಜಿಪಿಎಸ್ ವಾರಗಳ ಎಣಿಕೆ 1024ಕ್ಕೆ ಮುಗಿದು ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾದಾಗ ಹಲವು ಹಳೆಯ ಲಾಗರ್‌ಗಳು ಇಪ್ಪತ್ತು ವರ್ಷ ಹಿಂದಿನ ದಿನಾಂಕ ತೋರಿಸತೊಡಗಿದವು. ಸ್ಥಾನ ಮತ್ತು ವೇಗಕ್ಕೆ ಅದರಿಂದ ಧಕ್ಕೆಯಿಲ್ಲ.

ಬಿಸಿಲು, ಧೂಳು, ರೇಡಿಯೊ

ಮಧ್ಯಾಹ್ನದ ಬಿಸಿಲಿನಲ್ಲಿ ಹೊಳೆಯುವ ಓಎಲ್ಇಡಿ ಪರದೆ ಓದಲಾಗದಷ್ಟು ಮಂಕಾಗುತ್ತದೆ. ಬಿಸಿಲನ್ನೇ ಪ್ರತಿಫಲಿಸಿ ಓದಿಸುವ ಸಾದಾ ಎಲ್‌ಸಿಡಿ ಈ ಸೀಮೆಗೆ ಒಳ್ಳೆಯದು. ಆದರೆ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಎಲ್‌ಸಿಡಿ ಕಾದು ಪೂರ್ತಿ ಕಪ್ಪಾಗುತ್ತದೆ. ನೆರಳಿನಲ್ಲಿ ತಣಿದ ಮೇಲೆ ಬಹುಪಾಲು ಸರಿಹೋಗುತ್ತದೆ. ಎರೆಮಣ್ಣಿನ ನುಣ್ಣನೆ ಧೂಳು ಕನೆಕ್ಟರುಗಳೊಳಗೆ ಸೇರುವುದರಿಂದ ತಂತಿ ಸಿಕ್ಕಿಸುವ ತೂತಿಗೆ ಮುಚ್ಚಳ ಇರಲಿ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಗಾಳಿ ಸುಮ್ಮನಿರುತ್ತದೆ, ಬಿಸಿಲೇರಿದಂತೆ ಕಪ್ಪುನೆಲದಿಂದ ಏರುವ ಬಿಸಿಗಾಳಿಯ ಕಂಬಗಳು ಗ್ಲೈಡರ್‌ಗಳಿಗೆ ಹಬ್ಬ. ನೀರುಂಡ ಗದ್ದೆಯ ಮೇಲೆ ಅದೇ ವಿಮಾನ ಎತ್ತರ ಕಳೆದುಕೊಳ್ಳುತ್ತದೆ. ಎತ್ತರದ ಗೆರೆಯನ್ನು ನಕ್ಷೆಯ ಮೇಲೆ ಹಾಸಿದರೆ ಕಾಲುವೆಯ ನೀರು ಎಲ್ಲಿಯವರೆಗೆ ಹೋಗಿದೆ ಎಂಬುದೂ ಅದರಲ್ಲಿ ಓದಲು ಸಿಗುತ್ತದೆ.

ನೇರ ಪ್ರಸಾರದ ಪರದೆ ಕೊಳ್ಳುವವರು ತರಂಗಾಂತರ ನೋಡಿಯೇ ಕೊಳ್ಳಬೇಕು. ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದವುಗಳಲ್ಲಿ 2.4 ಗಿಗಾಹರ್ಟ್ಸ್ ಮತ್ತು 865ರಿಂದ 868 ಮೆಗಾಹರ್ಟ್ಸ್ ಪಟ್ಟಿಗಳು ಈ ಕೆಲಸಕ್ಕೆ ಒದಗುತ್ತವೆ. ಅಮೆರಿಕದಲ್ಲಿ ಮುಕ್ತವಾಗಿರುವ 900 ಮೆಗಾಹರ್ಟ್ಸ್ ಆಸುಪಾಸಿನ ಪಟ್ಟಿ ಇಲ್ಲಿ ಮೊಬೈಲ್ ಕಂಪನಿಗಳದ್ದು. ಅಲ್ಲಿಂದ ತರಿಸಿದ ಟೆಲಿಮೆಟ್ರಿ ಪೆಟ್ಟಿಗೆಯನ್ನು ಇಲ್ಲಿ ಚಾಲೂ ಮಾಡುವುದು ಕಾನೂನುಬಾಹಿರ. ತಂತಿಯ ಕೈಪರದೆಗೆ ಈ ತೊಡಕಿಲ್ಲ.

ಕಾನೂನು

2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಕಲಿಕೆ, ಸಂಶೋಧನೆ ಅಥವಾ ಹವ್ಯಾಸಕ್ಕಾಗಿ, ಕಣ್ಣಿಗೆ ಕಾಣುವ ದೂರದಲ್ಲಿ ಹಾರಿಸುವ 25 ಕಿಲೋ ಒಳಗಿನ ವಿಮಾನವನ್ನು ಅವು ಮಾದರಿ ವಿಮಾನ ಎಂದು ಗುರುತಿಸಿ, ಟೈಪ್ ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿವೆ. 250 ಗ್ರಾಂ ಒಳಗಿನದಕ್ಕೂ ವ್ಯಾಪಾರೇತರವಾಗಿ ಹಾರಿಸುವ 2 ಕಿಲೋ ಒಳಗಿನದಕ್ಕೂ ಪೈಲಟ್ ಪ್ರಮಾಣಪತ್ರ ಬೇಡ. ಹಸಿರು ವಲಯದಲ್ಲಿ ನೆಲದಿಂದ 120 ಮೀಟರ್‌ವರೆಗೆ ಅನುಮತಿ ಕೇಳಬೇಕಿಲ್ಲ. 2019ರ ನವೆಂಬರಿನಲ್ಲಿ ಆರಂಭವಾದ ಕಲಬುರಗಿ ವಿಮಾನ ನಿಲ್ದಾಣ ಕಕ್ಕೇರಾದಿಂದ ನೂರು ಕಿಲೋಮೀಟರಿನಷ್ಟು ದೂರದಲ್ಲಿದೆ, ಅದರ ಸುತ್ತಲ ನಿರ್ಬಂಧ ಇಲ್ಲಿಗೆ ಮುಟ್ಟದು. ಆದರೂ ಅಣೆಕಟ್ಟಿನಂಥ ಸ್ಥಾವರಗಳ ಸುತ್ತ ನಿರ್ಬಂಧ ಇರಬಹುದಾದ್ದರಿಂದ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ನೋಡಿಯೇ ಹಾರಿಸಬೇಕು. 2022ರ ಫೆಬ್ರುವರಿಯಲ್ಲಿ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿದಾಗ ಬಿಡಿಭಾಗಗಳನ್ನು ಅದರಿಂದ ಹೊರಗಿಟ್ಟರು. ಎತ್ತರದ ಮಿತಿ ಮೀರಿಲ್ಲ ಎಂದು ತೋರಿಸಬೇಕಾಗಿ ಬಂದಾಗ ಲಾಗರಿನ ಕಡತಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಸ್ವಂತ ಕೈಯಿಂದ ಕಟ್ಟುವುದು

ಆರ್ಡುಯಿನೊ ಬೋರ್ಡ್, ಸ್ವಿಟ್ಜರ್ಲೆಂಡಿನ ಯು ಬ್ಲಾಕ್ಸ್ ಕಂಪನಿಯ ನಿಯೊ 6ಎಂ ಜಿಪಿಎಸ್ ಮಾಡ್ಯೂಲ್, ಕಾರ್ಡ್ ಹೋಲ್ಡರ್ ಮತ್ತು ಒಂದು ಇಂಚಿನ ಪರದೆ ಸೇರಿಸಿ ವಿದ್ಯಾರ್ಥಿಗಳು ತಾವೇ ಲಾಗರ್ ಕಟ್ಟಬಹುದು. ನಿಯೊ 6ಎಂ ಕಾರ್ಖಾನೆಯಿಂದ ಬರುವಾಗ ಸೆಕೆಂಡಿಗೆ ಒಂದು ಸಲ, 9600 ಬಾಡ್ ವೇಗದಲ್ಲಿ ಮಾತಾಡುತ್ತದೆ. ಆ ವೇಗದಲ್ಲಿ ಸೆಕೆಂಡಿಗೆ 960 ಅಕ್ಷರ ಮಾತ್ರ ಸಾಗುತ್ತದೆ. ಆದ್ದರಿಂದ ಸೆಕೆಂಡಿಗೆ ಐದು ಸಲ ಬೇಕಿದ್ದರೆ ಮೊದಲು ಬಾಡ್ ವೇಗ ಏರಿಸಬೇಕು, ಬೇಡದ ವಾಕ್ಯಗಳನ್ನು ನಿಲ್ಲಿಸಬೇಕು, ಚಿಪ್‌ನ ಚಲನೆಯ ಆಯ್ಕೆಯನ್ನು ಹಾರಾಟಕ್ಕೆ ಬದಲಿಸಬೇಕು. ಈ ಮೂರು ಹೆಜ್ಜೆ ತಪ್ಪಿದವರ ಕಡತದಲ್ಲಿ ಅರ್ಧಕ್ಕೆ ತುಂಡಾದ ಸಾಲುಗಳು ತುಂಬಿರುತ್ತವೆ. ಪಾಠದ ದೃಷ್ಟಿಯಿಂದ ಹೀಗೆ ಕಟ್ಟಿದ ಲಾಗರ್ ಕೊಂಡ ಲಾಗರಿಗಿಂತ ಬೆಲೆಯುಳ್ಳದ್ದು.

ಹೊಲ, ಸರ್ವೆ ನಂಬರ್, ಹುಣಸಗಿ

ಈ ಸೀಮೆಯ ರೈತರು ಜಿಪಿಎಸ್ ಲಾಗರ್ ಮತ್ತು ಕೈಪರದೆಯ ಜೋಡಿಯನ್ನು ಕಾಣುವುದು ಮಾದರಿ ವಿಮಾನದಲ್ಲಿ ಅಲ್ಲ, ಔಷಧಿ ಸಿಂಪಡಿಸುವ ಡ್ರೋನಿನಲ್ಲಿ. ಅದರ ನಿಯಂತ್ರಕದ ಪರದೆ ಹೊಲದ ಗಡಿ, ಹಾರಿದ ಸಾಲುಗಳು, ಸಿಂಪಡಿಸಿದ ವಿಸ್ತೀರ್ಣವನ್ನು ತೋರಿಸುತ್ತದೆ. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಇಂಥ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿತು. ಎಕರೆಗೆ ಇಷ್ಟು ಎಂದು ಬಾಡಿಗೆ ಕೊಡುವವರು ಹಾರಾಟದ ದಾಖಲೆ ತೋರಿಸಿ ಎಂದು ಕೇಳುವುದು ಅವರ ಹಕ್ಕು. ಬಿಟ್ಟುಹೋದ ಸಾಲೂ ಎರಡು ಸಲ ಬಿದ್ದ ಔಷಧಿಯೂ ಅದರಲ್ಲಿ ಕಾಣುತ್ತವೆ.

2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ ನಿವೇಶನಗಳನ್ನು ಡ್ರೋನ್ ಫೋಟೊಗಳಿಂದ ಅಳೆಯುವಾಗಲೂ ಇದೇ ತತ್ವವಿದೆ. ಪ್ರತಿ ಫೋಟೊ ತೆಗೆದ ಕ್ಷಣದ ಸ್ಥಾನ ಲಾಗರಿನಲ್ಲಿ ದಾಖಲಾಗುತ್ತದೆ. ನೆಲದ ಮೇಲಿನ ಸ್ಥಿರ ಕೇಂದ್ರಗಳ ದಾಖಲೆಯೊಂದಿಗೆ ಅದನ್ನು ಹೋಲಿಸಿ ಮೀಟರಿನ ದೋಷವನ್ನು ಸೆಂಟಿಮೀಟರಿಗೆ ಇಳಿಸುತ್ತಾರೆ. ಹವ್ಯಾಸಿಯ ಲಾಗರಿಗೆ ಆ ನಿಖರತೆ ಇಲ್ಲ, ಬದು ಜಗಳಕ್ಕೆ ಅದರ ಅಂಕಿಯನ್ನು ಸಾಕ್ಷಿ ಮಾಡಬಾರದು. ಆದರೆ ರಾಜ್ಯದ ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಹುಡುಕಿದರೆ ವಿಮಾನ ಬಿದ್ದ ಜಾಗದ ಸರ್ವೆ ನಂಬರ್ ತಿಳಿಯುತ್ತದೆ, ಯಾವ ಹೊಲದವರನ್ನು ಕೇಳಬೇಕು ಎಂಬುದು ಗೊತ್ತಾಗುತ್ತದೆ.

ಕಕ್ಕೇರಾದ ಆಚೀಚೆ ಈ ಉಪಕರಣಕ್ಕೆ ಇನ್ನೊಂದು ದೊಡ್ಡ ಕೆಲಸ ಕಾದಿದೆ. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ದಶಕಗಳ ಕಾಲ ನಡೆದಾಡಿ ಆದಿಮಾನವರ ಕಲ್ಲಿನ ಆಯುಧಗಳ ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರದ ಸುಣ್ಣಕಲ್ಲಿನ ನೆಲೆ ಹತ್ತು ಲಕ್ಷ ವರ್ಷಕ್ಕೂ ಹಳೆಯದೆಂದು ಅಂದಾಜು. ಸುರಪುರದಲ್ಲಿ 19ನೆಯ ಶತಮಾನದ ನಡುವೆ ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ರಾಜನ ಕೋಳೂರಿನ ಕಲ್ಗೋರಿಗಳನ್ನು ವರ್ಣಿಸಿ ಬರೆದಿದ್ದಾನೆ. ನೆಲದಿಂದ ನೋಡಿದರೆ ಇಂಥ ಕಲ್ಲುಸಾಲುಗಳ ಒಟ್ಟು ವಿನ್ಯಾಸ ಹಿಡಿತಕ್ಕೆ ಸಿಗುವುದಿಲ್ಲ. ಕ್ಯಾಮೆರಾ ಹೊತ್ತ ಹಗುರ ವಿಮಾನ 80 ಮೀಟರ್ ಎತ್ತರದಿಂದ ಸಾಲುಸಾಲಾಗಿ ತೆಗೆದ ಫೋಟೊಗಳು, ಪ್ರತಿ ಫೋಟೊಗೂ ಲಾಗರ್ ಬರೆದ ಸ್ಥಾನ, ಎರಡೂ ಕೈಯಲ್ಲಿದ್ದರೆ ನಕ್ಷೆ ತಯಾರಾಗುತ್ತದೆ. ಸಂರಕ್ಷಿತ ಸ್ಮಾರಕಗಳ ಮೇಲೆ ಹಾರಿಸಲು ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಬೇಕು. ಕ್ಯಾಮೆರಾದ ಗಡಿಯಾರ ಮತ್ತು ಲಾಗರಿನ ಗಡಿಯಾರ ಹೊಂದುವಂತೆ, ಹಾರಿಸುವ ಮುನ್ನ ಕೈಪರದೆಯಲ್ಲಿ ಓಡುತ್ತಿರುವ ಉಪಗ್ರಹ ಕಾಲವನ್ನೇ ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು. ಆ ಒಂದು ಫೋಟೊದಿಂದ ಎರಡು ಗಡಿಯಾರಗಳ ಅಂತರ ತಿಳಿಯುತ್ತದೆ, ಉಳಿದ ಫೋಟೊಗಳೆಲ್ಲ ತಮ್ಮ ತಮ್ಮ ಸ್ಥಾನಕ್ಕೆ ಕೂರುತ್ತವೆ.